ಹಿಂದಿನ ಎಡಬಾಗಿಲಿನ ಹಿಡಿ

ಊರಿನ ಅರ್ಧ ಜನ ಅವನು ಮಾಡಿಕೊಟ್ಟ ಹಲ್ಲಿನಲ್ಲಿ ನಗುತ್ತಿದ್ದರು. ಉಳಿದರ್ಧಕ್ಕೆ ಇನ್ನೂ ವಯಸ್ಸಾಗಿರಲಿಲ್ಲ, ಅಷ್ಟೆ.

ಹಲ್ಲಿನ ಆಸ್ಪತ್ರೆಯ ಹಿಂದುಗಡೆ ಮೂವತ್ತೊಂದು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು ಅವನು ಕಟ್ಟುಹಲ್ಲು ಮಾಡುತ್ತಿದ್ದ. ಜನ ಅದನ್ನು ಹಲ್ಲಿನ ಸೆಟ್ಟು ಅನ್ನುವುದರಿಂದ ಅವನು ಸೆಟ್ಟಪ್ಪ. ಅಸಲು ಹೆಸರು ಕರೆಂಟಿನ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಮೇಲಿನ ಮಹಡಿಯ ಡಾಕ್ಟರಮ್ಮ ರೋಗಿಯ ಬಾಯಿಂದ ಅಚ್ಚು ತೆಗೆದು ಕೆಳಗೆ ಕಳಿಸಿದರೆ ಇವನು ಅದಕ್ಕೆ ಪ್ಲಾಸ್ಟರ್ ಹುಯ್ಯುತ್ತಿದ್ದ. ಮೇಣದಲ್ಲಿ ಹಲ್ಲು ಕೂರಿಸಿ, ಮೇಣ ಕರಗಿಸಿ, ಅದರ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬೇಯಿಸುತ್ತಿದ್ದ. ಆ ಗುಲಾಬಿ ಹಿಟ್ಟೇ ವಸಡಾಗುವುದು. ಬಾಯಿಗೆ ಬಂದಂತೆ ಮಾತಾಡುವವರು ಊರಲ್ಲಿ ಬೇಕಾದಷ್ಟಿದ್ದರು. ಬಾಯಿಗೆ ಬರುವಂತೆ ಕೆಲಸ ಮಾಡುವವನು ಇವನೊಬ್ಬನೇ.

ಹಿಟ್ಟಿಗೆ ಪುಡಿ ಮೂರು ಪಾಲು, ದ್ರವ ಒಂದು ಪಾಲು. ಇಪ್ಪತ್ತಾರು ವರ್ಷ ಅದನ್ನು ಕಲಸಿದವಳು ಅವನ ಹೆಂಡತಿ. ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಬಂದು, ಮೂಲೆಯ ಬೆಂಚಿನ ಮೇಲೆ ಕೂತು, ಪಿಂಗಾಣಿ ಬಟ್ಟಲಲ್ಲಿ ಪುಡಿ ಹಾಕಿ ದ್ರವ ಬಿಡುತ್ತಿದ್ದಳು. ಬಿಡುವಾಗ ಅವಳ ಕೈ ಯಾವಾಗಲೂ ಸ್ವಲ್ಪ ಧಾರಾಳ. ದ್ರವ ಹೆಚ್ಚಾದರೆ ಹಿಟ್ಟು ಗಟ್ಟಿಯಾಗುವಾಗ ಸಾಸಿವೆಕಾಳಿನಷ್ಟು ಗುಳ್ಳೆಗಳು ಏಳುತ್ತವೆ, ವಸಡು ಸೀದು ಹೋದಂತೆ ಕಾಣುತ್ತದೆ. "ದ್ರವ ಜಾಸ್ತಿ," ಅನ್ನುತ್ತಿದ್ದ ಅವನು. "ಪುಡಿ ಕಮ್ಮಿ ಅಂತ ಯಾಕೆ ಅನ್ಬಾರದು?" ಅನ್ನುತ್ತಿದ್ದಳು ಅವಳು. ಇಪ್ಪತ್ತಾರು ವರ್ಷ ಅವನು ಅದನ್ನೇ ಹೇಳಿದ, ಅವಳು ಅದನ್ನೇ ಮಾಡಿದಳು. ಸಂಸಾರ ಅಂದರೆ ಹೆಚ್ಚುಕಡಿಮೆ ಅದೇ.

ಅವಳು ಹೋಗಿ ನಾಲ್ಕು ತಿಂಗಳಾಗಿತ್ತು. ಈಗ ಹಿಟ್ಟನ್ನು ಅವನೇ ಕಲಸುತ್ತಿದ್ದ. ಒಂದೂ ಗುಳ್ಳೆ ಏಳುತ್ತಿರಲಿಲ್ಲ.

ಮೇಲೆ ಸೂಜಿ ಚುಚ್ಚಿಸಿಕೊಂಡು ಇಳಿದು ಬರುವವರನ್ನು ಅವನು ಮೆಟ್ಟಿಲ ಬುಡದಲ್ಲಿ ದಿನವೂ ನೋಡುತ್ತಿದ್ದ. ಅರ್ಧ ಮುಖ ಯಾರದೋ ಕಡ ತಂದದ್ದು ಎಂಬಂತೆ ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ನಡೆಯುತ್ತಿದ್ದರು. ಡಾಕ್ಟರಮ್ಮ ಎಲ್ಲರಿಗೂ ಹೇಳುವುದು ಒಂದೇ ಮಾತು: "ಜೋಮು ಬಿಡೋವರೆಗೂ ಬಿಸಿ ಏನೂ ಕುಡೀಬೇಡಿ. ಕೆನ್ನೆ ಕಚ್ಕೊಂಡ್ರೂ ನಿಮಗೆ ಗೊತ್ತಾಗಲ್ಲ." ಅವರ ಜೋಮು ಸಂಜೆಯೊಳಗೆ ಬಿಡುತ್ತಿತ್ತು. ಸೆಟ್ಟಪ್ಪನಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ. ಹಾಗಾಗಿ ಅವನ ಜೋಮು ಎಷ್ಟು ಹೊತ್ತಿಗೆ ಬಿಡುತ್ತದೆಂದು ಯಾರಿಗೂ ಲೆಕ್ಕ ಗೊತ್ತಿರಲಿಲ್ಲ. ಊಟ ಮಾಡುತ್ತಿದ್ದ, ಊಟದ ರುಚಿ ಏನಿತ್ತು ಅಂದರೆ ಹೇಳಲಾರ. ಜನ ಬಂದು ಸಮಾಧಾನ ಹೇಳಿದರು, ತಲೆಯಾಡಿಸಿದ. ಅತ್ತದ್ದನ್ನು ಯಾರೂ ನೋಡಲಿಲ್ಲ. ನೋಡಲು ಅವನು ಅತ್ತಿರಲೂ ಇಲ್ಲ.

ಅವನ ಅಂಗಿಯ ಜೇಬಿನಲ್ಲಿ ಮಾತ್ರ ಒಂದು ವಸ್ತು ಇತ್ತು. ಒಗೆಯುವ ದಿನ ಈ ಅಂಗಿಯಿಂದ ಆ ಅಂಗಿಗೆ ಬದಲಾಗುತ್ತಿತ್ತು. ಅಂಗೈ ಉದ್ದದ, ಹಳೇ ಬಿಳಿ ಬಣ್ಣದ ಪ್ಲಾಸ್ಟಿಕ್ ತುಂಡು: ಅವನ ಕಾರಿನ ಹಿಂದಿನ ಎಡಬಾಗಿಲಿನ ಹೊರಹಿಡಿ.

ಆ ದಿನ ಬೆಳಗ್ಗೆ ಏಳು ಗಂಟೆ. ಹೆಂಡತಿ ಎದೆ ಹಿಡಿದುಕೊಂಡು ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಹಿಂದಿನ ಸೀಟಿನಲ್ಲಿ ಮಲಗಿಸೋಣವೆಂದು ಅವನು ಅವಳನ್ನು ಎಬ್ಬಿಸಿ ಕಾರಿನ ತನಕ ತಂದು ಬಾಗಿಲು ಎಳೆದ. ಬಾಗಿಲು ಬರಲಿಲ್ಲ, ಹಿಡಿ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವನು ನಿಂತುಬಿಟ್ಟ. ಅವಳು ಕಾರಿಗೆ ಒರಗಿಕೊಂಡು ಹಿಡಿಯನ್ನು ನೋಡಿದಳು, ಅವನನ್ನು ನೋಡಿದಳು, ನಕ್ಕಳು. ಆ ನೋವಿನಲ್ಲೂ ನಿಜವಾಗಿ ನಕ್ಕಳು. "ಇವತ್ತೇ ಆಗ್ಬೇಕಿತ್ತಾ!" ಅಂದಳು. ಅವನು ನಿಂತೇ ಇದ್ದ. ಆಮೇಲೆ ಮುಂದಿನ ಬಾಗಿಲು ತೆಗೆದು, ಒಳಗೆ ಬಗ್ಗಿ, ಹಿಂದಕ್ಕೆ ಕೈ ಚಾಚಿ ಒಳಗಿನಿಂದ ಬಾಗಿಲು ಬಿಡಿಸಿದ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು, ನೆಲ ನೋಡುತ್ತಾ, "ಒಂದು ಹತ್ತು ನಿಮಿಷ ಮುಂಚೆ ಬಂದಿದ್ರೆ..." ಅಂದು, ಮಾತನ್ನು ಅಲ್ಲೇ ಬಿಟ್ಟು ಹೋದರು. ಉಳಿದದ್ದನ್ನು ಸೆಟ್ಟಪ್ಪ ನಾಲ್ಕು ತಿಂಗಳಿಂದ ಪೂರ್ತಿ ಮಾಡುತ್ತಿದ್ದ. ಆ ಬಾಗಿಲ ಮುಂದೆ ತಾನು ಎಷ್ಟು ಹೊತ್ತು ನಿಂತಿದ್ದೆ? ಎಷ್ಟು ಯೋಚಿಸಿದರೂ ನೆನಪಿನಲ್ಲಿ ಅವನು ನಿಂತೇ ಇರುತ್ತಿದ್ದ. ಐದು ನಿಮಿಷ ಇರಬಹುದು. ಹತ್ತೇ ಇರಬಹುದು. ಅಷ್ಟು ಜೋರಾಗಿ ಎಳೆಯದೆ ಇದ್ದಿದ್ದರೆ ಮುರಿಯುತ್ತಲೇ ಇರಲಿಲ್ಲವೇನೋ. ಕೈಹಿಡಿದವಳು ಹೋಗಿ ಕೈಯಲ್ಲಿ ಹಿಡಿ ಉಳಿಯಿತು ಎಂದು ಒಮ್ಮೆ ಅವನಿಗೇ ಹೊಳೆದಿತ್ತು. ಬೇರೆ ಸಮಯದಲ್ಲಾದರೆ ಅದನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದ.

ಅವನ ಒಬ್ಬಳೇ ಮಗಳು, ಮದುವೆಯಾಗಿ ಊರಿನ ಆ ತುದಿಯಲ್ಲಿರುವವಳು, ಅದೇ ದಿನ ಆಸ್ಪತ್ರೆಗೆ ಬಂದಾಗ ಬಾಗಿಲು ನೋಡಿ, "ಹ್ಯಾಂಡಲ್ ಏನಾಯ್ತಪ್ಪಾ?" ಅಂದಿದ್ದಳು. "ಇಲ್ಲಿ ಯಾವನೋ ಸ್ಕೂಟರಿನವನು ಗುದ್ದಿದ," ಅಂದುಬಿಟ್ಟ ಇವನು. ಅವಳು ಮತ್ತೊಂದು ಮಾತು ಕೇಳಲಿಲ್ಲ. ಮರುದಿನ ಬೆಳಗ್ಗೆಯೇ ನೀರು ಒಳಗೆ ಹೋದೀತೆಂದು ಆ ಜಾಗಕ್ಕೆ ಕಪ್ಪು ಟೇಪು ಸುತ್ತಿದಳು. ತಾಯಿ ಸತ್ತ ಮರುದಿನ ಕಾರಿಗೆ ಟೇಪು ಹಚ್ಚುವಷ್ಟು ಬುದ್ಧಿ ಇವಳಿಗೆ ಎಲ್ಲಿಂದ ಬಂತು ಅಂತ ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಈಗ ಆ ಮಗಳಿಗೆ ಬಸ್ಸಿಲ್ಲದ ಕಡೆ ಹೊಸ ಕೆಲಸ ಸಿಕ್ಕಿತ್ತು. ಅವನು ಕಾರು ತೆಗೆಯುವುದನ್ನೇ ಬಿಟ್ಟಿದ್ದ. ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದಳು.

"ಹ್ಯಾಂಡಲ್ ಹಾಕಿಸಿ ಇಡ್ತೀನಿ," ಅಂದ ಫೋನಿನಲ್ಲಿ.

"ಬೇಡಪ್ಪಾ, ನಾನೇ ಹಾಕಿಸ್ಕೋತೀನಿ. ನೀನು ಅದನ್ನ ಬಿಚ್ಚೋಕೆಲ್ಲಾ ಹೋಗ್ಬೇಡ."

"ಮುರಿದ ಬಾಗಿಲು ಕೊಟ್ಟು ಕಳಿಸ್ಲಾ?"

"ಪರವಾಗಿಲ್ಲ ಅಂದ್ನಲ್ಲ!" ಅಂದಳು. ದನಿ ಸ್ವಲ್ಪ ಚುರುಕಾಗಿತ್ತು.

ಫೋನಿಟ್ಟ ಮೇಲೆ ಅವನಿಗೆ ಒಂದೇ ಒಂದು ವಿಷಯ ಖಚಿತವಾಯಿತು. ಕಾರು ಅವಳ ಕೈಗೆ ಹೋಗುವ ಮೊದಲು ಸ್ಕೂಟರಿನವನ ಕಥೆ ಸುಳ್ಳು ಅಂತ ಹೇಳಬೇಕು. ಆ ಬಾಗಿಲನ್ನು ಅವಳು ದಿನವೂ ತೆಗೆಯುತ್ತಾಳೆ. ಹೇಳಿದ ಮೇಲೆ ಅವಳು ತನ್ನನ್ನು ಅಪ್ಪಾ ಅಂತ ಕರೆಯುತ್ತಾಳೋ ಇಲ್ಲವೋ, ಅದು ಬೇರೆ.

ಗುರುವಾರ ಗ್ಯಾರೇಜಿಗೆ ಹೋದ. ಅಲ್ಲಿನ ಮೆಕ್ಯಾನಿಕ್ಕನ್ನು ಎಲ್ಲರೂ ಕರೆಯುವುದು ಗ್ರೀಸು ಎಂದೇ. ಅವನ ಮುಂದಿನ ನಾಲ್ಕು ಹಲ್ಲು ಸೆಟ್ಟಪ್ಪನ ಕೈಯವು. ಸ್ಪ್ಯಾನರ್ ಜಾರಿ ಹೋದವುಗಳ ಬದಲಿಗೆ ಬಂದಂಥವು.

"ಬನ್ನಿ ಅಣ್ಣ. ನಿಮ್ಮ ಹಲ್ಲು ಇನ್ನೂ ಗಟ್ಟಿ ಇದೆ ನೋಡಿ, ಮೊನ್ನೆ ನಟ್ಟೇ ಕಚ್ಚಿ ಬಿಚ್ಚಿದೆ."

"ನಟ್ಟು ಬಿಚ್ಚೋಕೆ ಮಾಡಿದ ಹಲ್ಲಲ್ಲ ಅದು."

"ಹೆಂಡ್ತಿ ಹತ್ರ ಕಿರಿಯೋಕೆ ಅಂತ ಮಾಡಿದ್ರಿ, ಅವಳಂತೂ ನೋಡಲ್ಲ. ನಟ್ಟಾದ್ರೂ ಬಿಚ್ಚಲಿ ಅಂತ." ಹೇಳಿ ಆದ ಮೇಲೆ ಹೆಂಡತಿಯ ಮಾತು ಯಾರ ಮುಂದೆ ತೆಗೆದೆ ಎಂದು ಹೊಳೆದು ಗ್ರೀಸು ಕೈ ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. ಮುಖ ಇನ್ನಷ್ಟು ಕಪ್ಪಾಯಿತು. "ಏನು ಬೇಕಿತ್ತಣ್ಣ?"

ಸೆಟ್ಟಪ್ಪ ಜೇಬಿನ ತುಂಡನ್ನು ತೋರಿಸಿದ, ಕೊಡಲಿಲ್ಲ.

"ಹೊಸದೇ ಇದೆ. ಕಪ್ಪುದು ಮಾತ್ರ. ಆದ್ರೆ ನೀವೇ ಮುರಿದ ಸೆಟ್ಟನ್ನ ಕೂಡಿಸೋರು, ನಿಮ್ಮ ಗುಲಾಬಿ ಹಿಟ್ಟಲ್ಲೇ ಅಂಟಿಸಬಹುದಲ್ಲಾ?"

"ಹಿಡಿಯಲ್ಲ. ಈ ಪ್ಲಾಸ್ಟಿಕ್ಕಿನ ಜಾತಿ ಬೇರೆ, ಅದರ ಜಾತಿ ಬೇರೆ. ಅಂಟಿದ ಹಾಗೆ ಕಾಣತ್ತೆ. ತಿಂಗಳು, ಎರಡು ತಿಂಗಳು ಸುಮ್ನಿರತ್ತೆ. ಆಮೇಲೆ ಒಂದಿನ ಹೇಳದೆ ಕೇಳದೆ ಬಿಟ್ಕೊಳತ್ತೆ."

"ಬಿಡಿ, ಕಾರು ತಂದು ನಿಲ್ಸಿ. ಅರ್ಧ ಗಂಟೆ ಕೆಲಸ, ನಾನು ಹಾಕ್ತೀನಿ."

"ನಾನೇ ಹಾಕ್ತೀನಿ."

"ಅಣ್ಣ, ಬಾಗಿಲೊಳಗೆ ಕೈ ಹಾಕೋದು ಬಾಯೊಳಗೆ ಕೈ ಹಾಕಿದ ಹಾಗಲ್ಲ. ಇದು ಕಚ್ಚತ್ತೆ." ಆದರೂ ಕಾಗದದ ಮೇಲೆ ಚಿತ್ರ ಬರೆದು ಎಲ್ಲಿ ಸ್ಕ್ರೂ, ಎಲ್ಲಿ ನಟ್ಟು ಎಂದು ತೋರಿಸಿ, ಹತ್ತರ ಸ್ಪ್ಯಾನರನ್ನೂ ಕೈಗೆ ಕೊಟ್ಟು ಕಳಿಸಿದ.

ಹೊಸ ಹಿಡಿ ಕಪ್ಪು, ಕಾರು ಬಿಳಿ. ಮೂರು ಬಿಳಿ ಹಿಡಿಗಳ ನಡುವೆ ಒಂದು ಕಪ್ಪು ಅಂದರೆ ಹುಳುಕು ಹಲ್ಲಿನಂತೆ ಕಂಡೀತು. ಅದನ್ನು ಸಹಿಸುವುದು ಅವನ ಕಸುಬಿಗೆ ಆಗದ ಮಾತು. ರೋಗಿಯ ಹಲ್ಲಿಗೆ ಹೊಂದಿಸಲು ಇಟ್ಟುಕೊಂಡಿದ್ದ ಬಣ್ಣದ ಪಟ್ಟಿಯನ್ನು ಕಾರಿನ ಬಾಗಿಲಿಗೆ ಹಿಡಿದು ನೋಡಿದ. ಆ ಪಟ್ಟಿಯಲ್ಲಿ ಹದಿನಾರು ಬಿಳಿಗಳಿವೆ. ಕಾರು ಎಡದಿಂದ ಮೂರನೆಯದು: ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ, ರಾತ್ರಿ ಹಲ್ಲುಜ್ಜದ ಮಧ್ಯವಯಸ್ಸಿನ ಬಿಳಿ. ಅದಕ್ಕೆ ಸರಿಯಾಗಿ ಬಣ್ಣ ಬೆರೆಸಿ, ಹಿಡಿಗೆ ತೆಳುವಾಗಿ ಮೂರು ಕೋಟು ಹೊಡೆದು, ಹಲ್ಲುಗಳ ಪಕ್ಕದಲ್ಲೇ ಒಣಗಲು ಇಟ್ಟ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯ ಮುಂದೆ ಕಾರಿನ ಬಾಗಿಲು ತೆರೆದು, ಕೆಳಗೆ ಹಳೇ ಚಾದರ ಹಾಸಿ ಕೂತ. ಮೊದಲು ಗಾಜು ಇಳಿಸುವ ಹ್ಯಾಂಡಲಿನ ಕ್ಲಿಪ್ಪು ತೆಗೆದ. ಮೂರು ಸ್ಕ್ರೂ ಬಿಚ್ಚಿ ಹಲ್ಲಿನ ಡಬ್ಬಿಯಲ್ಲಿ ಹಾಕಿದ. ಒಳಗಿನ ಹಲಗೆಯ ಸುತ್ತ ಪ್ಲಾಸ್ಟಿಕ್ಕಿನ ಗುಂಡಿಗಳಿದ್ದವು. ಮೇಣ ಕೆರೆಯುವ ಚೂರಿಯನ್ನು ತೂರಿಸಿ ಮೀಟಿದರೆ ಟಪ್ ಟಪ್ ಎಂದು ಒಂದೊಂದೇ ಬಿಟ್ಟವು. ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ. ಅದನ್ನು ಅರ್ಧ ಸುಲಿದು, ಗಾಜನ್ನು ಮೇಲೆಯೇ ಬಿಟ್ಟು, ಒಳಗೆ ಕೈ ತೂರಿಸಿದ. ಗ್ರೀಸು ಹೇಳಿದ್ದು ಸುಳ್ಳಲ್ಲ: ತಗಡಿನ ಅಂಚು ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆಯಿತು. ರಕ್ತ ಬಂದದ್ದು ಕಂಡಿತು. ಉರಿ ಗೊತ್ತಾಗಲಿಲ್ಲ.

ಕಣ್ಣಿಗೆ ಕಾಣದ ಎರಡು ನಟ್ಟು, ಬೆರಳಿಗೆ ಮಾತ್ರ ಸಿಗುವಂಥವು. ಕಣ್ಣು ಮುಚ್ಚಿಕೊಂಡೇ ಬಿಚ್ಚಿದ. ಬೀಗಕ್ಕೆ ಹೋಗುವ ತಂತಿಯನ್ನು ಕ್ಲಿಪ್ಪಿನಿಂದ ಬಿಡಿಸಿದ. ಮಗಳು ಸುತ್ತಿದ್ದ ಟೇಪಿನ ಸಮೇತ ಹಳೆಯ ಹಿಡಿಯ ಮನೆ, ಅಂದರೆ ಹಿಡಿ ಕೂರುವ ಚೌಕಟ್ಟು, ಹೊರಗೆ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಟೇಪು ಬಿಚ್ಚತೊಡಗಿದ. ಬಿಚ್ಚಿದಷ್ಟೂ ಇತ್ತು. ಒಂದು ತೂತು ಮುಚ್ಚಲು ಇಷ್ಟು ಟೇಪು ಯಾಕೆ ಬೇಕಿತ್ತೋ.

ಕೊನೆಯ ಸುತ್ತು ಬಿಟ್ಟಿತು. ಒಳಗೆ, ಹಿಡಿಯ ತುದಿ ಕೂರುವ ಸಂದಿಯಲ್ಲಿ, ಕಡಲೆಕಾಳಿನ ಗಾತ್ರದ ಗುಲಾಬಿ ಬಣ್ಣದ ಗಡ್ಡೆ ಕೂತಿತ್ತು.

ವಸಡು.

ಅವನು ಅದನ್ನು ಬೆಳಕಿಗೆ ಹಿಡಿದ. ಅವನ ಪುಡಿ, ಅವನ ದ್ರವ. ಆ ಬಣ್ಣ ಊರಲ್ಲಿ ಇನ್ನೆಲ್ಲೂ ಇಲ್ಲ. ಮೈತುಂಬ ಸಾಸಿವೆಕಾಳಿನಷ್ಟು ಗುಳ್ಳೆಗಳು. ಮೇಲೆ ಒತ್ತಿದ ಹೆಬ್ಬೆರಳಿನ ಗುರುತು, ಗೆರೆ ಗೆರೆಯಾಗಿ.

ಜೇಬಿನಿಂದ ತುಂಡನ್ನು ತೆಗೆದ. ಅದರ ಮುರಿದ ಮುಖವನ್ನು ನಾಲ್ಕು ತಿಂಗಳಲ್ಲಿ ಮೊದಲ ಸಲ ನೋಡಿದ. ಮುರಿದ ಹಲ್ಲಿನ ಸೆಟ್ಟು ಬಂದರೆ ಮುರಿತದ ಮುಖ ನೋಡಿಯೇ, ಇದು ನೆಲಕ್ಕೆ ಬಿದ್ದದ್ದು, ಇದು ಕಡಿಯುವಾಗ ಸೀಳಿದ್ದು, ಇದು ಗಂಡಹೆಂಡಿರ ಜಗಳದಲ್ಲಿ ಎಸೆದದ್ದು ಎಂದು ಹೇಳಬಲ್ಲವನು ಅವನು. ಅಂಥವನ ಎದೆಗೆ ಅಂಟಿಕೊಂಡೇ ಇದ್ದ ತುಂಡು. ಎಳೆದು ಮುರಿದಿದ್ದರೆ ಅದರ ಮುಖ ಒರಟಾಗಿರಬೇಕಿತ್ತು. ಇದು ಅಂಟಿಸುವ ಮೊದಲು ಉಜ್ಜಿದ್ದು, ಉಗುರಿನಂತೆ ನುಣ್ಣಗಿತ್ತು. ಮುರಿದದ್ದಲ್ಲ, ಬಿಟ್ಟುಕೊಂಡದ್ದು. ಗುಲಾಬಿ ಗಡ್ಡೆಯ ಮೇಲಿಟ್ಟು ನೋಡಿದ. ಹಲ್ಲು ವಸಡಿಗೆ ಕೂತಂತೆ ಕೂತಿತು.

ಅವಳು ಯಾವಾಗಲೋ ಮುರಿದಿದ್ದಳು. ಹೇಳದೆ ಅಂಟಿಸಿದ್ದಳು. ಇವತ್ತೇ ಆಗ್ಬೇಕಿತ್ತಾ ಅಂದು ಅವಳು ನಕ್ಕಿದ್ದು ಎದೆನೋವಿಗಲ್ಲ, ಇದಕ್ಕೆ. ಸಿಕ್ಕಿಬಿದ್ದೆನಲ್ಲ ಎಂದು.

ಇಷ್ಟು ತಿಳಿದ ಮೇಲೆ ಏನಾದರೂ ಆಗಬೇಕಿತ್ತು. ಅವನು ಕಾದ. ಏನೂ ಆಗಲಿಲ್ಲ. ಎದ್ದು, ಹೊಸ ಹಿಡಿ ಕೂರಿಸಿ, ಎರಡು ನಟ್ಟು ಬಿಗಿದು, ತಂತಿ ಸಿಕ್ಕಿಸಿ, ಹಾಳೆ ಅಂಟಿಸಿ, ಗುಂಡಿಗಳನ್ನು ಅಂಗೈಯಿಂದ ಗುದ್ದಿ ಕೂರಿಸಿದ. ಒಂದು ಸ್ಕ್ರೂ ಉಳಿಯಿತು. ಯಾರು ಯಾವ ಕಾರು ಬಿಚ್ಚಿದರೂ ಒಂದು ಸ್ಕ್ರೂ ಉಳಿದೇ ಉಳಿಯುತ್ತದೆ.

ಶನಿವಾರ ನಾಲ್ಕು ಗಂಟೆಗೆ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ ಕಾರಿನ ಹತ್ತಿರ ಹೋಗಿ ನೋಡಿದಳು. ಒಳಗೆ ಬಂದಾಗ ಅವಳ ಮುಖ ಸುಣ್ಣದಂತೆ ಆಗಿತ್ತು.

"ಹಾಕಿಬಿಟ್ಯಾ."

"ಹಾಕ್ದೆ. ಕೂತ್ಕೋ. ನಿನಗೊಂದು ಹೇಳ್ಬೇಕು."

"ಅಪ್ಪಾ, ನಾನೂ ಒಂದು..."

"ಮೊದಲು ನಂದು." ಅವನು ಎರಡು ಲೋಟ ಕಾಫಿಯನ್ನು ಮೇಜಿನ ಮೇಲಿಟ್ಟ. "ಸ್ಕೂಟರಿನವನು ಯಾವನೂ ಗುದ್ಲಿಲ್ಲ. ನಾನೇ ಎಳೆದೆ, ಕೈಗೆ ಬಂತು. ನಿಮ್ಮಮ್ಮ ಪಕ್ಕದಲ್ಲೇ ನಿಂತಿದ್ಲು. ಆ ಕಡೆ ಬಾಗಿಲು ತೆಗೀಬೇಕು ಅಂತ ತೋಚ್ಲಿಲ್ಲ. ನಿಂತುಬಿಟ್ಟೆ. ಡಾಕ್ಟರು ಹತ್ತು ನಿಮಿಷ ಮುಂಚೆ ಅಂದ್ರಲ್ಲ. ಆ ಹತ್ತು ನಿಮಿಷ ನಾನು ಅಲ್ಲಿ ನಿಂತಿದ್ದೆ."

ಮಗಳು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಒಳಗೆ ಗುಲಾಬಿ ನೋಡಿದ್ಯಾ?" ಅಂದಳು.

"ನೋಡ್ದೆ."

"ಈ ಗೇಟಿನ ಕಂಬಕ್ಕೇ ತಾಗಿಸಿದ್ದು ಅಮ್ಮ. ರಿವರ್ಸ್ ತೆಗೆಯೋವಾಗ. ನನ್ನ ಹುಟ್ಟುಹಬ್ಬಕ್ಕೆ ಅಂತ ನಮ್ಮನೆಗೆ ಹೊರಟಿದ್ಲಲ್ಲ, ಆವತ್ತು. ನಿನಗೆ ಗೊತ್ತಾದ್ರೆ ಇನ್ನಾರು ತಿಂಗಳು ಊರವರ ಮುಂದೆಲ್ಲಾ ಹೇಳಿ ನಗ್ತೀಯ ಅಂತ. 'ನಿಮ್ಮಪ್ಪನ ಬಾಯಿಗೆ ಬೀಳೋದಕ್ಕಿಂತ ಬಾವಿಗೆ ಬೀಳೋದು ವಾಸಿ' ಅಂದ್ಲು. ಪುಡಿ, ಸೀಸೆ ಎಲ್ಲಾ ಬ್ಯಾಗಲ್ಲೇ ತಂದಿದ್ಲು."

"ದ್ರವ ಜಾಸ್ತಿ ಹಾಕಿದಾಳೆ."

"ಹಾಕ್ತಾ ಅವಳೇ ಅಂದ್ಲು, ನಿಮ್ಮಪ್ಪ ಇದ್ದಿದ್ರೆ ಜಾಸ್ತಿ ಅಂತಿದ್ರು ಅಂತ."

"ಹೆಬ್ಬೆರಳು ಒತ್ತಿದಾಳೆ. ಗುರುತಿದೆ."

"ಅದು ನಂದು," ಅಂದಳು ಮಗಳು. "ಒಣಗೋವರೆಗೂ ಒತ್ತಿ ಹಿಡಿದಿದ್ದು ನಾನು." ಲೋಟ ಕೆಳಗಿಟ್ಟಳು. "ಆಸ್ಪತ್ರೇಲಿ ಆ ತೂತು ನೋಡಿದ ಕೂಡಲೇ ಗೊತ್ತಾಯ್ತಪ್ಪ. ನೀನು ಸ್ಕೂಟರು ಅಂದೆ. ನನಗೆ ಗೊತ್ತಿತ್ತು, ಇಲ್ಲ, ನಾವು ಅಂಟಿಸಿದ್ದೇ ಬಿಟ್ಟಿದ್ದು, ಬಾಗಿಲು ತೆಗೆಯಕ್ಕಾಗದೆ ತಡ ಆಗಿರತ್ತೆ ಅಂತ. ನಿನಗೆ ಕಾಣಬಾರದು ಅಂತ ಟೇಪು ಸುತ್ತಿದೆ. ಅಂಟಿಸಿದ ದಿನಾನೇ ನಿನಗೆ ಹೇಳಿ ಗ್ಯಾರೇಜಿಗೆ ಕಳಿಸಿದ್ದಿದ್ರೆ ಅಮ್ಮ..."

ಅವಳೂ ಆ ಡಾಕ್ಟರಂತೆ ಮಾತನ್ನು ಅಲ್ಲೇ ಬಿಟ್ಟಳು.

ನಾಲ್ಕು ತಿಂಗಳು ಒಂದೇ ಹತ್ತು ನಿಮಿಷವನ್ನು ಇಬ್ಬರೂ ಊರಿನ ಎರಡು ತುದಿಯಲ್ಲಿ ಕೂತು ಹೊತ್ತಿದ್ದರು. ನಿನ್ನ ತಪ್ಪಲ್ಲ ಅನ್ನುವುದು ಸೆಟ್ಟಪ್ಪನಿಗೆ ಸುಲಭವಿತ್ತು. ಆದರೆ ಅದನ್ನು ತನಗೇ ಇಷ್ಟು ದಿನ ಹೇಳಿಕೊಂಡು ಏನೂ ಉಪಯೋಗವಾಗಿರಲಿಲ್ಲ.

ಮಗಳು ಮೂಗು ಒರೆಸಿಕೊಂಡು ಎದ್ದಳು. "ಬಾ."

"ಎಲ್ಲಿಗೆ?"

"ಕಾರಿನ ಹತ್ರ. ಆವತ್ತು ಏನು ಮಾಡಿದ್ಯೋ ಹಾಗೇ ಮಾಡಿ ತೋರ್ಸು. ನಾನು ಟೈಮ್ ನೋಡ್ತೀನಿ."

"ಹುಚ್ಚಾ ನಿನಗೆ?"

"ಬಾಪ್ಪಾ ಅಂದ್ರೆ!"

ಅವನು ಹೋದ. ಹಳೇ ತುಂಡನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಗಳು ಅಮ್ಮನ ಜಾಗದಲ್ಲಿ ಕಾರಿಗೆ ಒರಗಿ ನಿಂತು ಗಡಿಯಾರ ನೋಡಿ "ಹೂಂ" ಅಂದಳು. ಅವನು ಎಳೆದಂತೆ ಮಾಡಿದ. ತುಂಡನ್ನು ನೋಡಿದ. ನಿಂತ. ಮಗಳ ಮುಖ ನೋಡಿದ. ಅವಳು ನಗುವಷ್ಟು ಹೊತ್ತು, ಇವತ್ತೇ ಆಗ್ಬೇಕಿತ್ತಾ ಅನ್ನುವಷ್ಟು ಹೊತ್ತು ಬಿಟ್ಟ. ಇನ್ನೂ ನಿಂತ, ಆವತ್ತು ನಿಂತಂತೆಯೇ, ಕಾಲು ನೆಲಕ್ಕೆ ಹುಗಿದಂತೆ. ಆಮೇಲೆ ಮುಂದಿನ ಬಾಗಿಲಿಗೆ ಹೋಗಿ, ತೆಗೆದು, ಬಗ್ಗಿ, ಹಿಂದಕ್ಕೆ ಕೈ ಚಾಚಿ ಬಾಗಿಲು ಬಿಡಿಸಿದ.

"ಎಷ್ಟು?" ಅಂದ ಸೀಟಿನ ಮೇಲಿಂದಲೇ.

"ಹತ್ತೊಂಬತ್ತು."

"ನಿಮಿಷವಾ?"

"ಸೆಕೆಂಡು ಅಪ್ಪಾ."

"ಬೇಗ ಮಾಡಿಬಿಟ್ಟೆ. ಇನ್ನೊಂದ್ಸಲ."

ಎರಡನೇ ಸಲ ಅವನು ಬೇಕೆಂದೇ ನಿಂತ, ನಿಂತು ಸಾಕಾಗುವಷ್ಟು ನಿಂತ. ಎದುರುಮನೆಯಾಕೆ ಬಟ್ಟೆ ಒಣಹಾಕುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಇಪ್ಪತ್ತಾರು ಸೆಕೆಂಡು ಆಯಿತು.

"ಇಪ್ಪತ್ತಾರು," ಅಂದಳು ಮಗಳು. ಮತ್ತೆ ಒಂದು ಸಲ ತನಗೇ ಎಂಬಂತೆ, "ಇಪ್ಪತ್ತಾರು."

ಇಬ್ಬರೂ ಕಾರಿಗೆ ಒರಗಿ ನಿಂತರು. ಹತ್ತು ನಿಮಿಷದಲ್ಲಿ ಇಪ್ಪತ್ತಾರು ಸೆಕೆಂಡು ಕಳೆದರೆ ಎಷ್ಟು ಉಳಿಯಿತು ಎಂದು ಅವನು ಮನಸ್ಸಿನಲ್ಲೇ ಕಳೆಯಲು ಹೊರಟ, ಆಗಲಿಲ್ಲ, ಬಿಟ್ಟ. ಉಳಿದದ್ದು ಯಾರ ಪಾಲಿನದೋ, ತಮ್ಮಿಬ್ಬರದಂತೂ ಅಲ್ಲ.

ಒಳಗೆ ಬಂದು ಕಾಫಿ ಎತ್ತಿಕೊಂಡರು. ಆರಿ ತಣ್ಣಗಾಗಿತ್ತು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಯಾಕೆ?"

"ಸಕ್ಕರೆ ಹಾಕೇ ಇಲ್ಲ."

"ನಾಲ್ಕು ತಿಂಗಳಿಂದ ನೀನು ಕೊಡೋ ಕಾಫೀಲಿ ಸಕ್ಕರೇನೇ ಇಲ್ಲಪ್ಪ," ಅಂದಳು ಮಗಳು. "ಯಾವಾಗ ಹೇಳ್ತೀಯೋ ಅಂತ ಕಾಯ್ತಿದ್ದೆ."

ಹೊರಡುವಾಗ ಅವಳು ಆ ಗುಲಾಬಿ ಗಡ್ಡೆಯಿದ್ದ ಹಿಡಿಯ ಮನೆಯನ್ನು ಕೇಳಿದಳು. ಅವನು ಕೊಡಲಿಲ್ಲ. ಜೇಬಿನ ತುಂಡನ್ನು ಕೊಟ್ಟ. ಅವಳು ಅದನ್ನು ಮುಂದಿನ ಸೀಟಿನ ಮೇಲಿಟ್ಟು ಕಾರು ಚಾಲು ಮಾಡಿದಳು. ಅವನು ಹಿಂದಿನ ಎಡಬಾಗಿಲಿನ ಹೊಸ ಹಿಡಿಯನ್ನು ಎಳೆದು ತೆಗೆದ, ಮುಚ್ಚಿದ. ಟಕ್ ಎಂದಿತು. ಮತ್ತೆ ತೆಗೆದ, ಮತ್ತೆ ಮುಚ್ಚಿದ.

"ಸಾಕಪ್ಪಾ, ಇದನ್ನೂ ಮುರೀತೀಯ!"

"ಹೋಗು. ಗೇಟಿನ ಕಂಬ ನೋಡ್ಕೊಂಡು."

ಅವಳು ಕಂಬದಿಂದ ಎರಡು ಗೇಣು ದೂರದಲ್ಲಿ ಸರಿಯಾಗಿ ತಿರುಗಿಸಿಕೊಂಡು ಹೋದಳು.

ಸೋಮವಾರ ಹನ್ನೊಂದು ಗಂಟೆಗೆ ಮೇಲಿಂದ ಒಂದು ಅಚ್ಚು ಇಳಿದು ಬಂತು. ಮೂಲೆಯ ಬೆಂಚಿನ ಮೇಲೆ, ಬಣ್ಣದ ಪಟ್ಟಿಯ ಪಕ್ಕ, ಹಳೇ ಹಿಡಿಯ ಮನೆ ಕೂತಿತ್ತು. ಸೆಟ್ಟಪ್ಪ ಪಿಂಗಾಣಿ ಬಟ್ಟಲಿಗೆ ಪುಡಿ ಮೂರು ಪಾಲು ಹಾಕಿದ, ದ್ರವ ಒಂದು ಪಾಲು ಬಿಟ್ಟ. ಸೀಸೆ ಮುಚ್ಚಲು ಹೋದವನು, ಇನ್ನೊಂದು ತೊಟ್ಟು ಬಿಡಲೋ ಎಂಬಂತೆ, ತಡೆದ. ಮಣಿಕಟ್ಟಿನ ಮೇಲೆ ಬಾಗಿಲು ಎಳೆದ ಗೆರೆ ಈಗ ಸಣ್ಣಗೆ ಉರಿಯುತ್ತಿತ್ತು. ಅದನ್ನು ಒಮ್ಮೆ ನೋಡಿಕೊಂಡು, ಮುಚ್ಚಳ ಹಾಕಿ, ಹಿಟ್ಟು ಕಲಸತೊಡಗಿದ.